ಅಂಚೆ ಹೋತ ಕ್ಲೆಮೆಟ್ ಅವರಿಗೆ, ಕೊನೆಯ ಹದಿನಾಲ್ಕು ನಿಮಿಷಗಳ ವಿಷಯವಾಗಿ

ಫಾಗರ್‌ನೆಸ್
ನವೆಂಬರ್ ಇಪ್ಪತ್ತು, ಬುಧವಾರ

ಶ್ರೀಯುತ ಕ್ಲೆಮೆಟ್ ಅವರಿಗೆ,
'ಅಂಚೆ ಹೋತ' ಚಲನಚಿತ್ರದ ನಾಯಕನಟರು, ಸದ್ಯದ ವಿಳಾಸ ತಿಳಿದಿಲ್ಲ.

ಮಾನ್ಯರೇ,

ತಮ್ಮ ಎರಡು ಕೊಂಬುಗಳಿಗೂ, ಐವತ್ತು ವರ್ಷಗಳಿಂದ ಒಂದು ಕೂದಲೂ ನರೆಯದ ತಮ್ಮ ಗಡ್ಡಕ್ಕೂ, ಕೊರಳಲ್ಲಿ ತೂಗುವ ಸರ್ಕಾರಿ ಅಂಚೆ ಚೀಲಕ್ಕೂ ಬೇರೆಬೇರೆಯಾಗಿ ನಮಸ್ಕಾರಗಳು. ತಾವು ಎಲ್ಲಿದ್ದರೂ ಅಲ್ಲಿನ ಚಿಗುರು ಎಳೆಯದಾಗಿರಲಿ, ಬೇಲಿ ಗಿಡ್ಡದಾಗಿರಲಿ, ಬಟ್ಟೆ ಒಣಹಾಕುವ ಹಗ್ಗ ಬಾಯಿಗೆ ಎಟುಕುವಷ್ಟು ಕೆಳಗಿರಲಿ ಎಂದು ಹಾರೈಸುತ್ತೇನೆ. ವಿಳಾಸ ಗೊತ್ತಿಲ್ಲದ ಕಾರಣ ಈ ಪತ್ರವನ್ನು ನಮ್ಮೂರ ಪತ್ರಿಕೆಯ ನಾಲ್ಕನೆಯ ಪುಟದಲ್ಲಿ ಬಹಿರಂಗವಾಗಿ ಅಚ್ಚು ಹಾಕಿಸಬೇಕಾಗಿದೆ. ಈ ಪತ್ರವನ್ನು ಒಬ್ಬರು ಮಾತ್ರ ಓದಬಾರದು, ಅವರು ನಮ್ಮಪ್ಪ. ಆದರೆ ಅವರು ಎಪ್ಪತ್ತೊಂಬತ್ತು ವರ್ಷಗಳಲ್ಲಿ ಕ್ರೀಡಾಪುಟ ಬಿಟ್ಟು ಬೇರೆ ಪುಟ ತೆರೆದವರಲ್ಲವಾದ್ದರಿಂದ, ನಾಲ್ಕನೆಯ ಪುಟದಲ್ಲಿ ಅಚ್ಚಾದದ್ದು ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಷ್ಟೇ ಭದ್ರ.

ನನ್ನ ಪರಿಚಯ ತಮಗಿರಲಾರದು. ನಾನು ಗುನ್‌ವೋರ್, ಪುರಸಭೆಯಲ್ಲಿ ಮನೆ ಕಟ್ಟುವವರ ಅರ್ಜಿಗಳನ್ನು ಓದಿ, ನಿಯಮ ಹುಡುಕಿ, ವಾಪಸು ಕಳಿಸುವ ಹುದ್ದೆಯಲ್ಲಿದ್ದೇನೆ, ನಿವೃತ್ತ ಬಸ್ ಡ್ರೈವರ್ ಟೋರ್ಲೈವ್ ಅವರ ಒಬ್ಬಳೇ ಮಗಳು, ಈಚೆಗೆ ಒಂಬತ್ತು ತುಂಬಿದ ಟಿರಿಲ್ ಎಂಬವಳ ತಾಯಿ. ನಾನು ತಮ್ಮನ್ನು ಮಾತ್ರ ಚೆನ್ನಾಗಿ ಬಲ್ಲೆ. ಏಳನೆಯ ವಯಸ್ಸಿನಿಂದ ಹದಿನೆಂಟರವರೆಗೆ ಪ್ರತಿ ಡಿಸೆಂಬರ್ ಇಪ್ಪತ್ತಮೂರರ ಸಂಜೆ, ಮರಕ್ಕೆ ದೀಪ ಕಟ್ಟಿ, ಅಕ್ಕಿ ಪಾಯಸದಲ್ಲಿ ಅಡಗಿದ ಬಾದಾಮಿ ಯಾರ ಬಟ್ಟಲಿಗೆ ಬಂತೆಂದು ಜಗಳ ಮುಗಿಸಿ, ಅಪ್ಪ ಅಮ್ಮ ನಾನು ಮೂವರೂ ಒಂದೇ ಕಂಬಳಿ ಹೊದ್ದು ತಮ್ಮ ಸಿನೆಮಾ ನೋಡುತ್ತಿದ್ದೆವು. ಕಾಲು ಮುರಿದುಕೊಂಡ ಅಂಚೆಯ ಅಜ್ಜ, ಅವರ ಮೊಮ್ಮಗಳು ಲಿವ್, ಅಜ್ಜನ ಚೀಲವನ್ನು ಕೊರಳಿಗೆ ಹಾಕಿಕೊಂಡು ಬೆಟ್ಟದ ಮೇಲಿನ ಹಟ್ಟಿಗಳಿಗೆ ಕಾಗದ ಮುಟ್ಟಿಸುವ ತಾವು, ಹೋತ ಕಾಗದ ಹಂಚುವುದು ನಿಯಮ ಹದಿನೇಳಕ್ಕೆ ವಿರುದ್ಧ ಎಂದು ಮೀಸೆ ಕುಣಿಸುವ ಆ ಕೆಟ್ಟ ಪೋಸ್ಟ್ ಮಾಸ್ಟರ್, ಮೊದಲ ಹಿಮ, ಬಿರುಗಾಳಿಯಲ್ಲಿ ಕಾಣೆಯಾದ ತಾವು. ಲಿವ್ ಲಾಟೀನು ಹಿಡಿದು ಕೊಟ್ಟಿಗೆಯ ಬಾಗಿಲು ತೆರೆಯುತ್ತಾಳೆ, ಗಾಳಿ ಒಳಗೆ ನುಗ್ಗುತ್ತದೆ, ಅವಳ ಮುಖ ಅರಳುತ್ತದೋ ಬಾಡುತ್ತದೋ ಎನ್ನುವ ಹೊತ್ತಿಗೆ ಸರಿಯಾಗಿ ಪರದೆ ಒಮ್ಮೆ ನಡುಗಿ, ಎದೆಗೆ ಮೂವತ್ತೊಂದು ಎಂಬ ಅಂಕಿ ಅಂಟಿಸಿಕೊಂಡ ಒಬ್ಬ ಗಂಡಸು, ಮೀಸೆಯಲ್ಲಿ ಮಂಜು ಹೆಪ್ಪುಗಟ್ಟಿಸಿಕೊಂಡು, ಏದುಸಿರು ಬಿಡುತ್ತಾ ಸ್ಕೀ ಮೇಲೆ ದಿಣ್ಣೆ ಹತ್ತುತ್ತಾನೆ.

ಆ ಗಂಡಸು ತಮ್ಮ ಸಿನೆಮಾದವನಲ್ಲ ಎಂಬುದು ನನಗೆ ತಿಳಿದದ್ದು ಹತ್ತನೆಯ ವಯಸ್ಸಿನಲ್ಲಿ. ನಡೆದದ್ದು ಇಷ್ಟೇ: ನನಗೆ ಏಳು ತುಂಬಿದ್ದ ಸಾವಿರದ ಒಂಬೈನೂರ ಎಂಬತ್ತೈದರ ಆ ಸಂಜೆ ಟೀವಿಯಲ್ಲಿ ತಾವು ಬರುವ ಹೊತ್ತಿಗೆ ಅಮ್ಮ ನನ್ನನ್ನು ಹಬ್ಬದ ಸ್ನಾನಕ್ಕೆ ತೊಟ್ಟಿಯಲ್ಲಿ ಕೂರಿಸಿ ಬೆನ್ನು ಉಜ್ಜುತ್ತಿದ್ದರು, ಸಿನೆಮಾವನ್ನು ಟೇಪಿಗೆ ಇಳಿಸುವ ಹೊಣೆ ಅಪ್ಪನದು. ಮನೆಯಲ್ಲಿದ್ದದ್ದು ಒಂದೇ ಟೇಪು, ಅದರ ಹಿಂಭಾಗದಲ್ಲಿ ಮಾರ್ಚ್ ತಿಂಗಳ ಐವತ್ತು ಕಿಲೋಮೀಟರ್ ಸ್ಕೀ ಓಟವಿತ್ತು. ಅಪ್ಪ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕಾದು ಕೂತು, ತಾವು ಓಟದ ಗಡಿಗೆ ಕಾಲಿಡುವ ಹೊತ್ತಿಗೆ ಟಕ್ ಎಂದು ನಿಲ್ಲಿಸಿಬಿಟ್ಟರು. ಸಿನೆಮಾದಲ್ಲಿ ಟೇಪಿಗೆ ಇಳಿಯದೆ ಉಳಿದದ್ದು ಹದಿನಾಲ್ಕು ನಿಮಿಷ. ಅಮ್ಮ ಕೈಯಲ್ಲಿ ಸೋಪಿನ ಬುರುಗು ಹಿಡಿದುಕೊಂಡೇ ಬಂದು ರೇಗಿದಾಗ ಅವರು ಕೊಟ್ಟ ಸಮಜಾಯಿಷಿ ನಮ್ಮ ಬಳಗದಲ್ಲಿ ಇವತ್ತಿಗೂ ಪ್ರಸಿದ್ಧ: "ಮಕ್ಕಳ ಸಿನೆಮಾದಲ್ಲಿ ಕೊನೇ ಹದಿನಾಲ್ಕು ನಿಮಿಷದಲ್ಲಿ ಏನೇ ಇರುತ್ತೆ? ಎಲ್ರೂ ತಬ್ಬಿಕೊಳ್ತಾರೆ, ಅಷ್ಟೇ ತಾನೆ? ಐವತ್ತು ಕಿಲೋಮೀಟರ್ ಓಟದಲ್ಲಿ ಆಗೋದೆಲ್ಲಾ ಆಗೋದೇ ಕೊನೇ ಹದಿನಾಲ್ಕು ನಿಮಿಷದಲ್ಲಿ!" ಈ ನಾಡಿನಲ್ಲಿ ಹುಟ್ಟಿದವರು ಈ ಮಾತಿಗೆ ಎದುರು ಹೇಳುವುದು ಕಷ್ಟ, ಅಮ್ಮ ವಾಪಸು ಬಂದು ನನ್ನ ಬೆನ್ನನ್ನೇ ಜೋರಾಗಿ ಉಜ್ಜಿದರು.

ಆದರೆ ಅಪ್ಪ ಮಾಡಿದ ತಪ್ಪಿಗೆ ತಕ್ಕ ದಂಡವನ್ನು ಅವರೇ ತೆತ್ತರು. ಪ್ರತಿ ವರ್ಷ ಮೂವತ್ತೊಂದನೆಯ ನಂಬರಿನವನು ಕಾಣಿಸಿಕೊಂಡ ಕೂಡಲೇ ಎದ್ದು, ಉಣ್ಣೆಯ ಉದ್ದ ಚಡ್ಡಿಯಲ್ಲೇ ಟೀವಿಗೆ ಅಡ್ಡ ನಿಂತು, "ಆಮೇಲೇನಾಯ್ತು ಅಂದ್ರೆ ಮರಿ..." ಎಂದು ಶುರುಮಾಡುತ್ತಿದ್ದರು. ಮೊದಲ ವರ್ಷ ತಾವು ಹಿಮದಿಂದ ಬರೀ ಬದುಕಿ ಬಂದಿರಿ. ಎರಡನೆಯ ವರ್ಷ ಪೋಸ್ಟ್ ಮಾಸ್ಟರ್ ಟೋಪಿ ತೆಗೆದು ತಮ್ಮ ಮುಂದೆ ತಲೆ ಬಾಗಿಸಿದ. ಮೂರನೆಯ ವರ್ಷ ತಮಗೆ ಅಂಚೆ ಇಲಾಖೆಯಲ್ಲಿ ಕಾಯಂ ನೌಕರಿಯಾಯಿತು, ಆ ನೇಮಕದ ಆದೇಶವನ್ನು ರಾಜಧಾನಿಯಿಂದ ತುರ್ತಾಗಿ ಹೊತ್ತು ತರುವವನೇ ನಮ್ಮ ಮೂವತ್ತೊಂದನೆಯ ನಂಬರಿನವನು, ಪಾಪ, ಅದಕ್ಕೇ ಆ ಪರಿ ಏದುಸಿರು. ನಾನು ಹೈಸ್ಕೂಲು ಸೇರುವ ಹೊತ್ತಿಗೆ ತಮಗೆ ವಾರದ ರಜೆ, ಬೇಸಿಗೆ ರಜೆ, ಕಾಲಿಗೆ ರಬ್ಬರ್ ಬೂಟು, ನಿವೃತ್ತಿ ವೇತನ ಎಲ್ಲವೂ ಮಂಜೂರಾಗಿದ್ದವು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ಹಾಗೆ ಸರ್ಕಾರಿ ಸವಲತ್ತಿನಲ್ಲಿ ತಾವು ಬಾಯಿ ಹಾಕದ್ದು ಯಾವುದೂ ಉಳಿಯಲಿಲ್ಲ.

ಆಮೇಲೆ ಟೇಪು ತಿರುಗಿಸುವ ಯಂತ್ರ ಕೆಟ್ಟಿತು, ಸಿನೆಮಾ ಮಾಡಿದವರ ವಾರಸುದಾರರು ಜಗಳವಾಡಿ ತಮ್ಮನ್ನು ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿದರು, ನಾನು ಓದಿ, ಮದುವೆಯಾಗಿ, ನಿಯಮಗಳ ಪುಸ್ತಕವನ್ನು ತಲೆದಿಂಬು ಮಾಡಿಕೊಂಡೆ. ಈ ವರ್ಷ, ತಮ್ಮ ಐವತ್ತನೆಯ ವಾರ್ಷಿಕೋತ್ಸವದ ನೆಪದಲ್ಲಿ, ತೊಳೆದು ಬಾಚಿದ ಹೊಸ ಪ್ರತಿಯಲ್ಲಿ ತಾವು ನಮ್ಮೂರ ಚಿತ್ರಮಂದಿರಕ್ಕೆ ದಯಮಾಡಿಸುತ್ತೀರೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಟಿರಿಲ್‌ಳ ಹುಟ್ಟುಹಬ್ಬ ಅದೇ ಶನಿವಾರ ಬಿದ್ದಿತ್ತು. ನಮ್ಮ ಶಾಲೆಯಲ್ಲಿ ಹುಟ್ಟುಹಬ್ಬಕ್ಕೆ ಕರೆದರೆ ಇಡೀ ತರಗತಿಯನ್ನು ಕರೆಯಬೇಕು, ಒಬ್ಬರನ್ನೂ ಬಿಡುವಂತಿಲ್ಲ. ಹಾಗಾಗಿ ಟಿರಿಲ್ ಅಲ್ಲದೆ ಹತ್ತೊಂಬತ್ತು ಮಕ್ಕಳನ್ನು ಸಾಲಾಗಿ ಕೂರಿಸಿ, ಎಲ್ಲರ ಮಡಿಲಿಗೂ ಪಾಪ್‌ಕಾರ್ನ್ ಕೊಟ್ಟು, ದೀಪ ಆರುವ ಮುನ್ನ ನಾನೇ ಪರದೆಯ ಮುಂದೆ ನಿಂತು, ಯಾರೂ ಕೇಳದಿದ್ದರೂ, ಒಂದು ಚಿಕ್ಕ ಭಾಷಣ ಮಾಡಿದೆ. "ನಡುವೆ ಸ್ವಲ್ಪ ಭಯ ಆಗುತ್ತೆ, ಹೆದರ್ಬೇಡಿ ಮಕ್ಕಳೇ. ಕೊನೆಗೆ ಕ್ಲೆಮೆಟ್‌ಗೆ ಅಂಚೆ ಕಚೇರಿಯಲ್ಲಿ ಕೆಲಸ ಸಿಗುತ್ತೆ, ನಾನು ಮಾತು ಕೊಡ್ತೀನಿ" ಎಂದೆ. ಚಿತ್ರಮಂದಿರದ ಮೇಲ್ವಿಚಾರಕಿ ಹೆರ್‌ಬೋರ್ಗ್ ಹಿಂದೆ ಬಾಗಿಲ ಬಳಿ ನಿಂತು ನನ್ನನ್ನು ವಿಚಿತ್ರವಾಗಿ ನೋಡಿದಳು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಮೊದಲ ಒಂದು ಗಂಟೆ ಹತ್ತು ನಿಮಿಷದ ಬಗ್ಗೆ ನನ್ನ ದೂರುಗಳು ಸಣ್ಣವು, ದೊಡ್ಡ ಮನಸ್ಸು ಮಾಡಿ ಕೇಳಿಕೊಳ್ಳಬೇಕು. ತಾವು ಒಬ್ಬರಲ್ಲ, ಕನಿಷ್ಠ ನಾಲ್ವರು. ಸೇತುವೆ ದಾಟುವಾಗ ತಮ್ಮ ಎಡಗೊಂಬು ಮೋಟು, ದಾಟಿದ ಮೇಲೆ ಬಲಗೊಂಬು ಮೋಟು, ಹಟ್ಟಿ ತಲುಪುವ ಹೊತ್ತಿಗೆ ಎರಡೂ ಸೊಗಸಾಗಿ ಬೆಳೆದಿವೆ. ಅದಕ್ಕಿಂತ ಸೂಕ್ಷ್ಮವಾದ ಮಾತು, ಹೇಳಲು ಸಂಕೋಚ, ತೊರೆಯಲ್ಲಿ ನೀರು ಕುಡಿಯುವ ಆ ಪ್ರಸಿದ್ಧ ದೃಶ್ಯದಲ್ಲಿ ತಮಗೆ ತುಂಬಿದ ಕೆಚ್ಚಲಿದೆ. ಮೂವತ್ತೊಂಬತ್ತು ವರ್ಷ ನಾನು ತಮ್ಮ ಗಂಡಸ್ತಿಕೆಯನ್ನು ಶಂಕಿಸಿದವಳಲ್ಲ. ನಮ್ಮ ಟೀವಿ ಚಿಕ್ಕದಿತ್ತು. ಒಂಬತ್ತು ವರ್ಷದ ಲಿವ್ ಹಗ್ಗವಿಲ್ಲದೆ ಬಂಡೆ ಹತ್ತುತ್ತಾಳೆ, ಅಜ್ಜ ಹುಲ್ಲಿನ ಮೆದೆಗೆ ಒರಗಿ ಪೈಪು ಸೇದುತ್ತಾರೆ, ತಾಯಿ ಇಡೀ ಸಿನೆಮಾದಲ್ಲಿ ಒಂದೇ ಕಾಲುಚೀಲ ಹೆಣೆಯುತ್ತಾ ಕೂತಿದ್ದಾರೆ, ಅದು ಹಿಮ್ಮಡಿಗೂ ಬರುವುದಿಲ್ಲ. ಇವೆಲ್ಲ ಹೋಗಲಿ. ಬಾಲ್ಯದಲ್ಲಿ ನಾನು ಟೀವಿಗೆ ಚಪ್ಪಲಿ ಎಸೆಯುವಷ್ಟು ದ್ವೇಷಿಸುತ್ತಿದ್ದ ಪೋಸ್ಟ್ ಮಾಸ್ಟರ್ ಈಗ ಬಾಯಿ ತೆರೆದರೆ, ಅಯ್ಯೋ ದೇವರೇ, ಅವನು ಹೇಳುವುದೆಲ್ಲ ಸರಿ! ಜನರ ಖಾಸಗಿ ಕಾಗದಗಳನ್ನು ಸಿಕ್ಕಿದ್ದೆಲ್ಲ ಮೇಯುವ ಪ್ರಾಣಿಯ ಕೊರಳಿಗೆ ಕಟ್ಟುವುದು ಯಾವ ನ್ಯಾಯ? ಅವನು ನಿಯಮ ಹದಿನೇಳನ್ನು ಓದುವಾಗ ನನ್ನ ತುಟಿಯೂ ಅಲುಗಿತು. ಅವನ ಮೀಸೆಯನ್ನು ಬಿಟ್ಟರೆ ಅವನಿಗೂ ನನಗೂ ಹೆಚ್ಚು ವ್ಯತ್ಯಾಸವಿಲ್ಲವೆಂದು ಕತ್ತಲಲ್ಲಿ ಕೂತು ಒಪ್ಪಿಕೊಂಡೆ.

ಆಮೇಲೆ ಕೊಟ್ಟಿಗೆಯ ಬಾಗಿಲು ತೆರೆಯಿತು. ಮೂವತ್ತೊಂದನೆಯ ನಂಬರಿನವನು ಬರಲಿಲ್ಲ. ತಾವೇ ಬಂದಿರಿ, ಮೈತುಂಬ ಹಿಮ, ಚೀಲ ಭದ್ರ. ಮಕ್ಕಳು ಹೋ ಎಂದು ಕೂಗಿದರು, ಟಿರಿಲ್ ನನ್ನ ಕೈ ಹಿಡಿದುಕೊಂಡಳು, ನಾನು ಮಗುವಿನ ಹಾಗೆ ಅತ್ತೆ. ಮುಂದಿನ ದೃಶ್ಯದಲ್ಲಿ ಅಜ್ಜನ ಕಾಲು ವಾಸಿಯಾಗಿದೆ. ಅದರ ಮುಂದಿನ ದೃಶ್ಯದಲ್ಲಿ ಚಳಿಗಾಲಕ್ಕೆ ಹುಲ್ಲು ಸಾಲದೆಂದು ತಾಯಿ ಹೇಳುತ್ತಾರೆ. ಅದರ ಮುಂದೆ ಅಜ್ಜ ಮೆಟ್ಟಿಲ ಮೇಲೆ ಕೂತು, ಯಾವ ಸಿಟ್ಟೂ ಇಲ್ಲದೆ, ಶಿಳ್ಳೆ ಹಾಕುತ್ತಾ ಚೂರಿ ಮಸೆಯುತ್ತಾರೆ. ಆಮೇಲೆ ಮೇಜಿನ ಮೇಲೆ ಹೊಗೆಯಾಡುವ ದೊಡ್ಡ ಪಾತ್ರೆ, ಸುತ್ತ ಎಲ್ಲರೂ, ಪೋಸ್ಟ್ ಮಾಸ್ಟರ್ ಕೂಡ ಅತಿಥಿಯಾಗಿ ಬಂದಿದ್ದಾನೆ, ಎರಡನೆಯ ಸಲ ಬಡಿಸಿಕೊಳ್ಳುತ್ತಾನೆ. ಅಜ್ಜ ಒಂದು ಮೂಳೆ ಪಕ್ಕಕ್ಕಿಟ್ಟು, "ಕೊನೇವರೆಗೂ ಗಟ್ಟಿ ಆಸಾಮಿ" ಎನ್ನುತ್ತಾರೆ. ಲಿವ್ ತಟ್ಟೆ ಖಾಲಿ ಮಾಡಿ, ಚಮಚ ಕೆಳಗಿಟ್ಟು, ನಮ್ಮಲ್ಲಿ ಹುಟ್ಟಿದ ಪ್ರತಿ ಮಗುವೂ ಹೇಳುವಂತೆ "ಊಟಕ್ಕೆ ಧನ್ಯವಾದ" ಎನ್ನುತ್ತಾಳೆ. ಬೆಟ್ಟ, ಕೊಳಲು, ಮುಕ್ತಾಯ.

ಮಾನ್ಯರೇ, ಎಪ್ಪತ್ತರ ದಶಕದಲ್ಲಿ ಮಕ್ಕಳಿಗೆ ಸತ್ಯ ಹೇಳಬೇಕೆಂಬ ಒಂದು ದೊಡ್ಡ ಚಳವಳಿ ನಮ್ಮ ನಾಡಿನಲ್ಲಿತ್ತೆಂದು ಬಲ್ಲೆ, ಅದನ್ನು ಗೌರವಿಸುತ್ತೇನೆ, ತಮ್ಮ ಮಾಂಸ ಅದಕ್ಕೆ ಕೊಟ್ಟ ಕಾಣಿಕೆಯನ್ನೂ ಮರೆತಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ ಎನ್ನುವುದನ್ನು ಇಷ್ಟು ರುಚಿಕಟ್ಟಾಗಿ ಮಕ್ಕಳಿಗೆ ತಿಳಿಸಿಕೊಟ್ಟ ಪಾಠ ಬೇರೊಂದಿಲ್ಲ. ಆದರೆ ದೀಪ ಹತ್ತಿದಾಗ ಹದಿನೆಂಟು ಮಕ್ಕಳು ಗೋಳೋ ಎಂದು ಅಳುತ್ತಿದ್ದರು. ಮನೆಯಲ್ಲಿ ಅರವತ್ತು ಆಡು ಸಾಕಿರುವ ಸುನ್ನೀವಾ ಒಬ್ಬಳೇ ಪಾಪ್‌ಕಾರ್ನ್ ಮೆಲ್ಲುತ್ತಾ, "ಗಂಡು ಮರಿನ ಇನ್ನೇನ್ ಮಾಡ್ತಾರೆ? ಹಾಲು ಕೊಡುತ್ತಾ ಅದು?" ಎಂದು ಅಕ್ಕಪಕ್ಕದವರಿಗೆ ಸಮಾಧಾನ ಹೇಳುತ್ತಿದ್ದಳು. ಟಿರಿಲ್ ಅಳಲಿಲ್ಲ. ಎದ್ದು ನಿಂತು, ಇಡೀ ತರಗತಿಯ ಎದುರು, "ನೀನು ಮಾತು ಕೊಟ್ಟಿದ್ದೆ" ಎಂದಳು. ಅದೇ ಕೊನೆ, ಆಮೇಲೆ ಅವಳು ನನ್ನೊಡನೆ ಎರಡು ವಾರ ಮಾತಾಡಲಿಲ್ಲ.

ಎರಡು ವಾರ ಎಂದರೆ ಪೂರಾ ಮೌನವಲ್ಲ, ಅಷ್ಟು ಒಳ್ಳೆಯ ಅದೃಷ್ಟ ನನ್ನದಲ್ಲ. ಒಳ್ಳೆಯ ರೀತಿ ರಿವಾಜು ಕಲಿತ ಮಗುವಾದ್ದರಿಂದ ಪ್ರತಿ ಊಟವಾದ ಮೇಲೆ ಚಮಚ ಕೆಳಗಿಟ್ಟು, ನನ್ನ ಕಣ್ಣಲ್ಲಿ ಕಣ್ಣಿಟ್ಟು, "ಊಟಕ್ಕೆ ಧನ್ಯವಾದ" ಎಂದು ಲಿವ್‌ಳ ಧಾಟಿಯಲ್ಲೇ ಹೇಳಿ ಎದ್ದು ಹೋಗುತ್ತಿದ್ದಳು. ನಾನು ಮೀನು ಬೇಯಿಸಿದೆ, ಹಿಟ್ಟಿನ ದೋಸೆ ಹುಯ್ದೆ, ಬರೀ ಕ್ಯಾರೆಟ್ ಸಾರು ಮಾಡಿದೆ; ಅದೇ ಧಾಟಿ. ಗಂಡ ಸಮುದ್ರದ ನಡುವೆ ತೈಲ ತೆಗೆಯುವ ಕಟ್ಟೆಯಲ್ಲಿ ಎರಡು ವಾರದ ಪಾಳಿಗೆ ಹೋಗಿದ್ದರು, ಫೋನಿನಲ್ಲಿ ನಗುವುದನ್ನು ಬಿಟ್ಟು ಅವರಿಂದ ಬೇರೆ ಉಪಯೋಗವಾಗಲಿಲ್ಲ. ತಾಯಿ ಸುಳ್ಳುಗಾತಿ ಎಂದು ಮಗಳು ತೀರ್ಮಾನಿಸಿದ ಮೇಲೆ ಆ ತಾಯಿಗೆ ಮನೆಯಲ್ಲಿ ಕೂರಲೂ ಆಗದು, ನಿಲ್ಲಲೂ ಆಗದು. ನಾನು ಅವಳಿಗೆ ಹೇಳಬೇಕಾದ್ದು ಇಷ್ಟೇ: ನಾನು ಸುಳ್ಳು ಹೇಳಲಿಲ್ಲ ಕಂದಾ, ನನಗೆ ಹೇಳಿದ್ದನ್ನು ಹೇಳಿದೆ. ಅದನ್ನು ಕೇಳಿಸಿಕೊಳ್ಳಲು ಅವಳು ಕೋಣೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಹದಿಮೂರನೆಯ ದಿನ, ಪಾತ್ರೆ ತೊಳೆಯುತ್ತಿದ್ದಾಗ, ನನಗೆ ಒಂದು ವಿಷಯ ಫಕ್ಕನೆ ಹೊಳೆಯಿತು. ಅಪ್ಪ ಆ ಗುಂಡಿ ಒತ್ತಿದ್ದು ಎಲ್ಲಿ? ಚೂರಿಗೆ ಸ್ವಲ್ಪ ಮುಂಚೆ. ಇದು ಕಾಕತಾಳೀಯವೇ? ಎಂದಿಗೂ ಅಲ್ಲ! ಮುದ್ದಿನ ಮಗಳು ಹಬ್ಬದ ದಿನ ಅಳಬಾರದೆಂದು, ಆ ಮನುಷ್ಯ ಬೇಕೆಂದೇ ಕೊನೆಯನ್ನು ಕತ್ತರಿಸಿ, ಸ್ಕೀ ಹುಚ್ಚನೆಂಬ ಅಪವಾದವನ್ನು ಮೂವತ್ತೊಂಬತ್ತು ವರ್ಷ ಹೊತ್ತು, ಬಳಗದ ಲೇವಡಿಯನ್ನೆಲ್ಲ ನಗುತ್ತಾ ನುಂಗಿಕೊಂಡಿದ್ದಾರೆ. ಮರುದಿನ ಶನಿವಾರ ಬೆಳಿಗ್ಗೆಯೇ ಟಿರಿಲ್‌ಳನ್ನು ಕಾರಿನ ಹಿಂದಿನ ಸೀಟಿಗೆ ಹತ್ತಿಸಿಕೊಂಡು ಸರೋವರದ ಆಚೆ ದಡದ ಅಪ್ಪನ ಮನೆಗೆ ಹೊರಟೆ. ತ್ಯಾಗ ಎಂದರೇನೆಂದು ಅವಳೂ ಕಣ್ಣಾರೆ ನೋಡಲಿ ಎಂಬುದು ನನ್ನ ಯೋಚನೆ.

ಅಪ್ಪ ನೆಲಮಾಳಿಗೆಯಲ್ಲಿ, ಎಂದಿನಂತೆ, ಇಸ್ತ್ರಿ ಪೆಟ್ಟಿಗೆ ಹಿಡಿದು ಸ್ಕೀಗಳಿಗೆ ಮೇಣ ಕರಗಿಸಿ ಸವರುತ್ತಿದ್ದರು. ನಾನು ಮೆಟ್ಟಿಲ ಮೇಲೇ ನಿಂತು, ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತುಗಳನ್ನು ಒಂದೂ ಬಿಡದೆ ಹೇಳಿದೆ: ಗೊತ್ತಾಯಿತಪ್ಪ, ಎಲ್ಲ ಗೊತ್ತಾಯಿತು, ಅಜ್ಜ ಚೂರಿ ಮಸೆಯುವುದು, ಕ್ಲೆಮೆಟ್‌ನನ್ನು ಬೇಯಿಸಿ ತಿನ್ನುವುದು, ಅದನ್ನು ನಾನು ನೋಡಬಾರದೆಂದು ನೀನು ಮಾಡಿದ್ದು. ಮಾತು ಮುಗಿಸಿ ತಬ್ಬಿಕೊಳ್ಳಲು ಕೈ ಚಾಚಿದೆ. ಅಪ್ಪ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ಹಾಗೇ ನಿಂತಿದ್ದರು. ಮೇಣ ಅವರ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು. "ಯಾರನ್ನ ತಿಂದ್ರು ಅಂದೆ?" ಎಂದರು.

ಮಾನ್ಯರೇ, ಅವರಿಗೆ ಗೊತ್ತೇ ಇರಲಿಲ್ಲ. ಟಕ್ ಎಂದು ನಿಲ್ಲಿಸಿದ ಮರುಕ್ಷಣವೇ ಓಟಕ್ಕೆ ಪೆಟ್ಟಾಯಿತೇನೋ ಎಂದು ಟೇಪು ಮುಂದೆ ಓಡಿಸಿ ಪೂರಾ ಐವತ್ತು ಕಿಲೋಮೀಟರ್ ನೋಡಿದ್ದರಂತೆ, ತಮ್ಮ ಕೊನೆಯ ಹದಿನಾಲ್ಕು ನಿಮಿಷವನ್ನು ಅವರು ಇವತ್ತಿನವರೆಗೆ ಕಂಡವರೇ ಅಲ್ಲ. ತ್ಯಾಗವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಶುದ್ಧ ಸ್ಕೀ ಹುಚ್ಚು. "ನಂಗೇನ್ ಗೊತ್ತು ಕಣೆ? ಅಷ್ಟು ದೂರ ಹಿಮದಲ್ಲಿ ಕಾಗದ ಹೊತ್ಕೊಂಡ್ ಬಂದಿದಾನೆ, ಕೆಲಸ ಸಿಕ್ಕೇ ಇರುತ್ತೆ ಅಂದ್ಕೊಂಡೆ. ನ್ಯಾಯವಾಗಿ ಸಿಗ್ಬೇಕಿತ್ತು ತಾನೆ?" ಎನ್ನುತ್ತಾ ಮರದ ಪೆಟ್ಟಿಗೆಯ ಮೇಲೆ ಕುಸಿದು ಕೂತರು. ಬೂಟಿನ ಮೇಲಿನ ಮೇಣ ನೋಡುತ್ತಾ, "ಪೋಸ್ಟ್ ಮಾಸ್ಟರ್ರೂ ತಿಂದ್ನಾ?" ಎಂದು ಕೇಳಿದರು. ನಾನು, ಪುರಸಭೆಯಲ್ಲಿ ಇಪ್ಪತ್ತು ವರ್ಷ ನಿಜವನ್ನೇ ಬರೆದು ಅಭ್ಯಾಸವಾದವಳು, ಎರಡು ಸಲ ಬಡಿಸಿಕೊಂಡ ಎಂದುಬಿಟ್ಟೆ. ನಲವತ್ತು ವರ್ಷ ಈ ಕಣಿವೆಯ ತಿರುವುಗಳಲ್ಲಿ ಬಸ್ಸು ಓಡಿಸಿ, ಅಮ್ಮನನ್ನು ಮಣ್ಣು ಮಾಡಿದ ದಿನವೂ ಎಲ್ಲರೆದುರು ನೆಟ್ಟಗೆ ನಿಂತಿದ್ದ ಮನುಷ್ಯ, ಒಂದು ಹೋತಕ್ಕಾಗಿ ಟೋಪಿಯಲ್ಲಿ ಮುಖ ಮುಚ್ಚಿಕೊಂಡರು. ನನ್ನ ಬಾಯಿಗೆ ಬೆಂಕಿ ಹಾಕ ಎಂದು ನಾನೇ ಬೈದುಕೊಂಡೆ. ಬಿಸಿ ತುಪ್ಪದಂಥ ಮಾತು, ಉಗುಳಿ ಆಗಿತ್ತು, ವಾಪಸು ನುಂಗುವಂತಿರಲಿಲ್ಲ.

ಆಗ ಟಿರಿಲ್ ನನ್ನನ್ನು ದಾಟಿ ಮೆಟ್ಟಿಲಿಳಿದು, ಅಜ್ಜನ ಕೈಯಿಂದ ಬಿಸಿ ಇಸ್ತ್ರಿ ಪೆಟ್ಟಿಗೆಯನ್ನು ಹುಷಾರಾಗಿ ತೆಗೆದಿಟ್ಟು, ಅವರ ಮೊಣಕಾಲಿಗೆ ಒರಗಿ ನಿಂತಳು. "ಇಲ್ಲಜ್ಜ, ಅಮ್ಮಂಗೆ ಸರಿಯಾಗಿ ಗೊತ್ತಿಲ್ಲ. ಅವ್ಳು ಬರೀ ಅಳ್ತಾ ಇದ್ಲು, ಕಣ್ಣೇ ಕಾಣ್ತಿರ್ಲಿಲ್ಲ. ಪಾತ್ರೇಲಿ ಇದ್ದಿದ್ದು ಆಲೂಗಡ್ಡೆ. ಕ್ಲೆಮೆಟ್ ಕಿಟಕಿ ಹೊರಗೆ ನಿಂತ್ಕೊಂಡು ಇವ್ರೆಲ್ಲ ತಿನ್ನೋದ್ನ ನೋಡ್ತಿದ್ದ, ಅವ್ನ ಗಡ್ಡದ ಉಸಿರಿಗೆ ಗಾಜೆಲ್ಲಾ ಮಬ್ಬಾಗಿತ್ತು. ಆಮೇಲೆ ಪೋಸ್ಟ್ ಮಾಸ್ಟರ್ ಎದ್ದು ಹೋಗಿ ಅವ್ನಿಗೂ ಒಂದು ಆಲೂಗಡ್ಡೆ ಕೊಟ್ಟ" ಎಂದಳು. ಮಾತಿಗೆ ಮಾತು ಸೇರಿಸುತ್ತಾ, ಕಿಟಕಿಗೆ ಪರದೆ ಯಾವ ಬಣ್ಣದ್ದಿತ್ತೆಂಬುದನ್ನೂ ಬಿಡದೆ, ಒಂದು ಸಲವೂ ತಡವರಿಸದೆ ಹೇಳಿದಳು. ಅಜ್ಜ ಟೋಪಿಯಿಂದ ಒಂದು ಕಣ್ಣು ಹೊರಗಿಟ್ಟು ಕೇಳುತ್ತಿದ್ದರು. ಕೊನೆಗೆ ಅವಳು ತಿರುಗಿ ನೋಡಿ, "ಅಲ್ವಾ ಅಮ್ಮಾ?" ಎಂದಳು.

ಎರಡು ವಾರದ ಮೇಲೆ ನನ್ನ ಮಗಳು ನನಗೆ ಆಡಿದ ಮೊದಲ ಮಾತು ಅದು. ನಾನು ಹೌದು ಎಂದೆ. ಆಲೂಗಡ್ಡೆಯೇ ಎಂದೆ. ನಾನೇ ಸರಿಯಾಗಿ ನೋಡಲಿಲ್ಲ, ಕ್ಷಮಿಸಪ್ಪ ಎಂದೆ. ಅಪ್ಪ ಮೂಗು ಒರೆಸಿಕೊಂಡು ಎದ್ದು, "ನಾನು ಹೇಳ್ಲಿಲ್ವಾ? ಆ ಪೋಸ್ಟ್ ಮಾಸ್ಟರ್ ಒಳಗೊಳಗೇ ಒಳ್ಳೇವ್ನು" ಎನ್ನುತ್ತಾ ನಮ್ಮಿಬ್ಬರಿಗೂ ಕಂದು ಚೀಸ್ ಹಚ್ಚಿದ ಬ್ರೆಡ್ ಕೊಟ್ಟರು. ಅಲ್ಲಿಗೆ ನಿಂತಿದ್ದರೆ ಈ ಪತ್ರ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಬ್ರೆಡ್ ಮುಗಿಯುವ ಮೊದಲೇ ಅವರು ಫೋನ್ ತೆಗೆದು ಚಿತ್ರಮಂದಿರಕ್ಕೆ ಕರೆ ಮಾಡಿ, ಬರುವ ಭಾನುವಾರ ಮಧ್ಯಾಹ್ನ ಎರಡರ ಆಟಕ್ಕೆ, ಮುಂದಿನ ಸಾಲಿನ ನಡುವೆ, ಮೂರು ಸೀಟು ಹಿಡಿದರು. "ಆ ಕಿಟಕೀದೊಂದು ದೃಶ್ಯ ನಾನು ಸಾಯೋದ್ರೊಳಗೆ ನೋಡ್ಲೇಬೇಕು" ಎಂದರು. ವಾಪಸು ಬರುವಾಗ ಸೇತುವೆ ದಾಟುತ್ತಿದ್ದಂತೆ ಹಿಂದಿನ ಸೀಟಿನಿಂದ, "ಈಗೇನಮ್ಮಾ ಮಾಡೋದು?" ಎಂಬ ಸಣ್ಣ ದನಿ ಬಂತು. ಏನು ಮಾಡುವುದೆಂದು ನನಗೂ ತಿಳಿಯಲಿಲ್ಲ, ಆದರೆ ಅಷ್ಟು ಸುಖವಾಗಿ ನಾನು ಆ ರಸ್ತೆಯಲ್ಲಿ ಎಂದೂ ಕಾರು ಓಡಿಸಿರಲಿಲ್ಲ.

ಆದ್ದರಿಂದ ಮಾನ್ಯರೇ, ಈ ಕೆಳಗೆ ಸಹಿ ಮಾಡಿರುವ ನಾನು ತಮ್ಮಲ್ಲಿ ಸವಿನಯವಾಗಿ ಕೇಳಿಕೊಳ್ಳುವುದು ಒಂದನ್ನೇ. ಭಾನುವಾರ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ, ತಮಗೆ ಎಷ್ಟೇ ಅನನುಕೂಲವಿದ್ದರೂ, ಬೆಂದಿದ್ದರೂ ಸರಿ, ಬೇಯದಿದ್ದರೂ ಸರಿ, ಆ ಕಿಟಕಿಯ ಹೊರಗೆ ಬಂದು ನಿಲ್ಲಬೇಕು.

ನಾಲ್ವರೂ ಬರಬೇಕಿಲ್ಲ, ಯಾರಾದರೂ ಒಬ್ಬರು ಬಂದರೆ ಸಾಕು. ಕೆಚ್ಚಲಿರುವವರು ಬಂದರೂ ನಮ್ಮ ಆಕ್ಷೇಪಣೆ ಇಲ್ಲ, ಕಿಟಕಿಯಲ್ಲಿ ಎದೆಯಿಂದ ಮೇಲಷ್ಟೇ ಕಾಣುತ್ತದೆ. ಗಾಜಿನ ಮೇಲೆ ಉಸಿರು ಬಿಡಲು ಮರೆಯಬಾರದು. ಐವತ್ತು ವರ್ಷದ ಹಿಂದೆ ಮುಗಿದುಹೋದ ಸಿನೆಮಾದೊಳಗೆ ಹೀಗೆ ನುಸುಳುವುದಕ್ಕೆ ಯಾವ ನಿಯಮದಲ್ಲೂ ಅವಕಾಶವಿಲ್ಲವೆಂದು ಪುರಸಭೆಯ ನೌಕರಳಾದ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಇಷ್ಟು ವರ್ಷ ನನ್ನ ಮೇಜಿನ ಮೇಲೆ ಬಂದ ಎಂಥೆಂಥವರ ಅರ್ಜಿಗೂ ನಿಯಮ ಮೀರಲು ಒಪ್ಪದವಳು ಮೊದಲ ಸಲ ತಾನೇ ಅರ್ಜಿ ಹಾಕುತ್ತಿದ್ದೇನೆ, ಅದೂ ಒಂದು ಹೋತಕ್ಕೆ. ನನ್ನಪ್ಪನಿಗಾಗಿ ದಯವಿಟ್ಟು ಮಂಜೂರು ಮಾಡಿ.

ತಮ್ಮ ಗಡ್ಡದ ಮೇಲಿನ ಗೌರವಕ್ಕೆ ಈಗಲೂ ಚ್ಯುತಿ ತಂದುಕೊಳ್ಳದ

ತಮ್ಮ ವಿಶ್ವಾಸಿ,
ಗುನ್‌ವೋರ್

ತಾ.ಕ.: ಪತ್ರವನ್ನು ಪತ್ರಿಕೆಗೆ ಕೊಡಲು ಹೋಗುವ ದಾರಿಯಲ್ಲಿ, ತಮ್ಮನ್ನೊಬ್ಬರನ್ನೇ ನಂಬಿಕೊಂಡರೆ ಕೆಟ್ಟೆನೆಂದು ಚಿತ್ರಮಂದಿರವನ್ನೂ ಹೊಕ್ಕು, ಭಾನುವಾರ ಮೂರೂ ಇಪ್ಪತ್ತಕ್ಕೆ ಕರೆಂಟು ಹೋಗುವಂತೆ ಮಾಡಲು ಸಾಧ್ಯವೇ ಎಂದು ಹೆರ್‌ಬೋರ್ಗ್‌ಳನ್ನು ಕೇಳಿದೆ. "ಕರೆಂಟ್ ಯಾಕೆ? ನಿನ್ನ ಮಗಳು ಸೋಮವಾರ ಶಾಲೆ ಬಿಟ್ಟೋಳೇ ಬಂದು ಮಾತಾಡಿ ಹೋಗಿದಾಳೆ. ಮೂರೂ ಇಪ್ಪತ್ತಕ್ಕೆ ಬೆಂಕಿ ಬಿದ್ರೆ ಹೊಡ್ಕೊಳ್ಳೋ ಗಂಟೇನ ಬಾರಿಸಿ ನೋಡ್ಬೇಕು ಅಂತ ನಾನಾಗ್ಲೇ ಬರ್ಕೊಂಡಿದೀನಿ, ಎಲ್ರೂ ಹೊರಗೆ ಹೋಗಿ ಅಂಗಳದಲ್ಲಿ ನಿಲ್ಬೇಕು. ಚಳೀಲಿ ನಿಂತೋರಿಗೆ ಸಿನೆಮಾದ ಕೊನೇನ ಅವಳ ಅಜ್ಜ ಹೇಳ್ತಾರಂತೆ" ಎಂದಳು. ಹೀಗಾಗಿ ಮೇಲಿನ ನನ್ನ ಅರ್ಜಿಯನ್ನು ಹಿಂದಕ್ಕೆ ಪಡೆದಿದ್ದೇನೆ. ತಾವು ಯಾವ ತೊಂದರೆಯನ್ನೂ ತೆಗೆದುಕೊಳ್ಳಬೇಕಿಲ್ಲ, ಪಾತ್ರೆಯಲ್ಲೇ ಸುಖವಾಗಿರಿ.